ವಿಭೂತಿ ಹಚ್ಚಿದ ಮಷೀನು

ಆಳಂದದ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಹಳೆಯ ವ್ಯಾಕ್ಯೂಮ್ ಕ್ಲೀನರುಗಳು ಗೋಡೆಗುಂಟ ಕೂತಿವೆ. ಒಂದು ಹಾಲಿನ ಕ್ಯಾನಿನ ಹಾಗೆ, ಒಂದು ಮಲಗಿದ ಹಂದಿಮರಿಯ ಹಾಗೆ, ಒಂದು ಮದುವೆಗೆ ಸರಿಯಾಗಿ ಕರೆಯಲಿಲ್ಲವೆಂದು ಮುಖ ಊದಿಸಿಕೊಂಡ ಸೋದರಮಾವನ ಹಾಗೆ. ಗುಜರಿ ಅಂಗಡಿಗಳಿಂದ, ಮುಚ್ಚಿದ ಲಾಡ್ಜುಗಳಿಂದ, ಯಾರ್‍ಯಾರದೋ ಅಟ್ಟಗಳಿಂದ ಇವನ್ನು ಹೊತ್ತು ತಂದವನು ನಾನು. ಮನೆಗೆ ಬಂದವರಿಗೆಲ್ಲ ಅವ್ವ ಹೇಳುವುದು ಒಂದೇ ಮಾತು.

"ಕಸ ಎಳಿಯೋ ಮಷೀನ್ ಮನಿ ತುಂಬ ಅವರಿ. ಕಸಬರಿಗಿ ಹಿಡಿಯಾಕಿ ಮಾತ್ರ ನಾನ."

ಈ ಮಾತನ್ನು ನಾನು ಅವ್ವನ ದನಿಯಲ್ಲೇ, ಸೆರಗು ಸೊಂಟಕ್ಕೆ ಸಿಗಿಸುವುದರ ಸಮೇತ, ಬಂದವರ ಮುಂದೆಯೇ ಮಾಡಿ ತೋರಿಸುತ್ತೇನೆ. ಅವ್ವ ಎಲ್ಲರಿಗಿಂತ ಜಾಸ್ತಿ ನಗುತ್ತಾಳೆ. ನಕ್ಕಾದ ಮೇಲೆ ಕಸಬರಿಗೆಯಿಂದ ಒಂದು ಬಿಡುತ್ತಾಳೆ.

ದನಿ ಬದಲಿಸುವುದೇ ನನ್ನ ಹೊಟ್ಟೆಪಾಡು. ಸೀರೆ ಸೇಲು, ಕಣ್ಣಿನ ತಪಾಸಣೆ ಶಿಬಿರ, ಹೊಸ ತೊಗರಿ ಬೀಜ ಎಂದು ಸ್ಪೀಕರ್ ಕಟ್ಟಿಕೊಂಡ ಆಟೋಗಳು ಊರೂರು ತಿರುಗುತ್ತವಲ್ಲ, ಅದರೊಳಗೆ ಮಾತಾಡುವ ಮುದುಕ, ಮುದುಕಿ, ಹೊಸ ಸೊಸೆ, ಶಾಣ್ಯಾ ರೈತ ಎಲ್ಲರೂ ನಾನೇ. ಕೋಣೆಯಲ್ಲಿ ಕೂತು ಮಾಡುವ ಕೆಲಸ ಎನ್ನುತ್ತಾರೆ, ಆದರೆ ನನಗೆ ಕೂಡಲಿಕ್ಕೆ ಬರುವುದಿಲ್ಲ. ಮುದುಕಿಯನ್ನು ಒಂದು ಮೂಲೆಯಲ್ಲಿ ಮಾತಾಡಿಸಿ, ಸೊಸೆಯನ್ನು ಇನ್ನೊಂದು ಮೂಲೆಯಲ್ಲಿ ಮಾತಾಡಿಸಿ, ನಡುವೆ ಮಾಳಗಿ ಹತ್ತಿ ಇಳಿದು ಬರುವವನು ನಾನು.

ಹಳೆಯ ಮಷೀನು ಯಾರು ಮಾಡಿದ್ದೆಂದು ಗುರುತಿಸುವುದು ಬೇರೆ ಊರಿನವರಿಗೆ ಸರಳ. ಅದರ ಮೈಮೇಲೆ ಒಂದು ತಗಡಿನ ಪಟ್ಟಿ ಇರುತ್ತದೆ, ಪಟ್ಟಿಯ ಮೇಲೆ ಹೆಸರು. ನಮ್ಮ ಕಡೆ ಅದೇ ಸಿಗುವುದಿಲ್ಲ. ದಸರೆಯ ಖಂಡೇಪೂಜೆಯ ದಿನ ನಾವು ಕುಡುಗೋಲಿನಿಂದ ಹಿಡಿದು ಮಿಕ್ಸರಿನವರೆಗೆ ಯಾವುದನ್ನೂ ಬಿಡದೆ ವಿಭೂತಿ ಎಳೆಯುವ ಜನ. ಎಳೆಯಲಿಕ್ಕೆ ಹಣೆ ಬೇಕಲ್ಲ. ಮಷೀನಿನ ಹಣೆ ಯಾವುದು? ನಟ್ಟನಡುವೆ ಸಪಾಟಾಗಿ ಹೊಳೆಯುತ್ತಿರುವ ಆ ಪಟ್ಟಿಯೇ. ಕೆಲವು ಮನೆಗಳಲ್ಲಿ ಪೂಜೆಗೆ ಮೊದಲು ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಅಕ್ಷರವೇ ಹೋಗಿರುತ್ತದೆ. ಕೆಲವು ಮನೆಗಳಲ್ಲಿ ತಿಕ್ಕುವುದೇ ಇಲ್ಲ, ವರ್ಷದ ಮೇಲೆ ವರ್ಷ ವಿಭೂತಿ ಕೂತು ಸುಣ್ಣದ ಗಾರೆಯಾಗಿರುತ್ತದೆ. ಹೀಗಾಗಿ ನಾನು ಕಿವಿಯಿಂದ ಗುರುತಿಸುವುದು ಕಲಿತೆ. ಯಾವ ಮೋಟರು ಕೆಮ್ಮಿ ಏಳುತ್ತದೆ, ಯಾವುದು ಮೂಗಿನಿಂದ ಹಾಡುತ್ತದೆ, ಬಂದ್ ಮಾಡಿದಾಗ ಯಾವುದು ಸಿಟ್ಟಿನಿಂದ ನಿಲ್ಲುತ್ತದೆ, ಎಲ್ಲವನ್ನೂ ಬಾಯಿಯಲ್ಲಿ ಮಾಡಿ ತೋರಿಸಬಲ್ಲೆ. ಇದರಿಂದ ಕನ್ಯೆ ಸಿಗುವುದಿಲ್ಲ ಎನ್ನುವುದು ಅವ್ವನ ಚಿಂತೆ.

ಹಳೆ ಮಷೀನುಗಳ ಹುಚ್ಚಿರುವ ನಮ್ಮಂಥವರದೊಂದು ಫೋನಿನ ಗುಂಪಿದೆ. ಅದರ ಹಿರಿಯರು ಪುಣೆಯ ಒಬ್ಬ ಕಾಕಾ. ನಿವೃತ್ತ ಎಂಜಿನಿಯರ್. ಪಟ್ಟಿಯ ಫೋಟೋ ಇಲ್ಲದೆ ಯಾವ ಮಷೀನನ್ನೂ ಅವರು ಒಪ್ಪುವುದಿಲ್ಲ. ನನ್ನ ಕಿವಿಯ ವಿದ್ಯೆಗೆ ಅವರು ಕೊಡುವ ಬೆಲೆ ಎಂದರೆ ಒಂದು ನಗುವ ಮುಖದ ಚಿತ್ರ.

ಆ ಗುಂಪಿನಲ್ಲಿ ಎಲ್ಲರೂ ಹುಡುಕುವುದು ಒಂದೇ ಮಷೀನು. ಬಹಳ ಹಿಂದೆ ಹೈದರಾಬಾದ್ ಕಡೆಯ ಒಂದು ಸಣ್ಣ ಕಾರ್ಖಾನೆ ಮಾಡಿ, ಬೇಗನೆ ಬಾಗಿಲು ಹಾಕಿಕೊಂಡಿತಂತೆ. ಉದ್ದ ಮೈ, ಕೆಳಗೆ ಜಾರಲಿಕ್ಕೆ ಎರಡು ಉಕ್ಕಿನ ಪಟ್ಟಿ. ಬೇರೆ ಎಲ್ಲ ಮಷೀನುಗಳ ಪೈಪು ಬಲಕ್ಕೆ ತಿರುಗಿಸಿದರೆ ಕೂಡುತ್ತದೆ, ಇದರದ್ದು ಎಡಕ್ಕೆ. ಕಾಕಾ ಕೂಡ ಅದರ ಚಿತ್ರ ಮಾತ್ರ ಕಂಡವರು. ನನ್ನ ಹತ್ತಿರ ಅದರ ಪೈಪಿತ್ತು. ಅಫಜಲಪುರದ ಗುಜರಿಯಲ್ಲಿ ಸಿಕ್ಕಿದ್ದು, ನೂಲು ಹೆಣೆದ ಮೈ, ಹಿತ್ತಾಳೆಯ ಬಾಯಿ, ಎಡಕ್ಕೆ ತಿರುಗುವ ಹಲ್ಲು. ಮಷೀನಿಲ್ಲದ ಪೈಪು ಇಟ್ಟುಕೊಳ್ಳುವುದು ಎಂದರೆ ಕುದುರೆಯಿಲ್ಲದೆ ಲಗಾಮು ಇಟ್ಟುಕೊಂಡ ಹಾಗೆ. ದಿನಾ ತೆಗೆದು ನೋಡುತ್ತಿದ್ದೆ. ಗುಂಪಿನಲ್ಲಿ ಯಾರಾದರೂ ನನಗಿಂತ ಮೊದಲು ಕಂಡುಹಿಡಿದರೆ ಎಂಬ ಹೆದರಿಕೆಗೆ ಊಟದ ನಡುವೆ ಎದ್ದು ಫೋನು ನೋಡುತ್ತಿದ್ದೆ.

ಒಂದು ದಿನ ನನ್ನ ಜಾಹೀರಾತು ಹಾಕಿಕೊಂಡು ತಿರುಗುವ ಆಟೋದವನು ಹೇಳಿದ. "ಜೇವರ್ಗಿಯೊಳಗ ಒಬ್ಬರು ಆಯಿ ಮನ್ಯಾಗ ಅಂಥಾದೊಂದು ನೋಡೇನಿ. ಕೆಳಗ ಉಕ್ಕಿನ ಪಟ್ಟಿ ಅವ. ವಿಭೂತಿ ಹಚ್ಚಿ ಕುಂದ್ರಿಸ್ಯಾರ." ಅವನು ಚಹಾ ಮುಗಿಸುವ ಮೊದಲೇ ನಾನು ಗಾಡಿಗೆ ಕಿಕ್ ಹೊಡೆದಿದ್ದೆ. ಕಲಬುರಗಿ ದಾಟಿ, ಭೀಮಾನದಿಯ ಸೇತುವೆ ದಾಟಿ, ದಾರಿಯುದ್ದಕ್ಕೂ ಹೆಲ್ಮೆಟ್ಟಿನೊಳಗೆ ಇಲ್ಲದ ಮಷೀನಿನ ದನಿ ಮಾಡುತ್ತ ಹೋದೆ. ಪೈಪನ್ನು ಮನೆಯಲ್ಲೇ ಮರೆತು ಹೋದೆ. ಶಾಣ್ಯಾತನ ಅಷ್ಟು.

ಆಯಿ ಎಂದರೆ ಜವಳಿ ವ್ಯಾಪಾರ ಮಾಡಿದ ಮನೆತನದ ಹಿರಿಯಾಕಿ. ಗಂಡ ತೀರಿಕೊಂಡಿದ್ದಾರೆ, ಅಂಗಡಿ ಈಗ ಮಗ ನಡೆಸುತ್ತಾನೆ. ಅರಿವೆಯ ಧೂಳು ಎಳೆಯಲಿಕ್ಕೆಂದು ಯಜಮಾನರು ಅಂಗಡಿಗೆ ತಂದ ಮಷೀನು ಈಗ ಪಡಸಾಲೆಯ ಗೂಡಿನಲ್ಲಿತ್ತು. ಬಾಗಿಲಿಗೆ ಹಚ್ಚಿ ಉಳಿದ ನೀಲಿ ಬಣ್ಣವನ್ನು ಅದಕ್ಕೂ ಬಳಿದಿದ್ದರು. ಪೈಪನ್ನು ಎಂದೋ ಕತ್ತರಿಸಿ ದನದ ಬಾನಿಗೆ ನೀರು ಬಿಡಲಿಕ್ಕೆ ಹಚ್ಚಿದ್ದರಂತೆ. ಹಣೆಯ ಮೇಲೆ ವಿಭೂತಿ ಬೆರಳು ದಪ್ಪ ಕೂತಿತ್ತು, ಅದರಲ್ಲಿ ಮೂರು ಬೆರಳು ಎಳೆದ ಮೂರು ಕಾಲುವೆ.

"ಆಯಿ, ಇದನ್ನ ಜರಾ ಒರಸಿ ಹೆಸರು ನೋಡ್ಲೇನ್ರಿ?"

"ನೋಡ ತಮ್ಮ, ಆ ಮೂರು ಗೆರಿ ನಮ್ಮ ಯಜಮಾನರ ಬಟ್ಟಿನವು. ವರ್ಷಾ ಖಂಡೇಪೂಜಿಗಿ ಅದರ ಮ್ಯಾಲೇ ಎಳೀತಿದ್ರು. ಒಮ್ಮಿ ವಿಭೂತಿ ಕಂಡ ಹಣಿ ಬರಿದು ಆಗಬಾರದಂತಿದ್ರು. ಅವರು ಹ್ವಾದ ಮ್ಯಾಲ ನಾ ಅದರ ಮ್ಯಾಲ ಕೈ ಇಟ್ಟಿಲ್ಲ, ಕೆಳಗೊಂದು ಕುಂಕುಮ ಇಡ್ತೇನಿ ಅಷ್ಟ."

"ಆಯ್ತ್ರಿ," ಎಂದಿತು ಬಾಯಿ. ಆಯಿ ಚಹಾ ಮಾಡಲು ಒಳಗೆ ಹೋದದ್ದೇ ತಡ, ನನ್ನ ಹೆಬ್ಬೆರಳು ತಾನಾಗಿಯೇ ನಾಲಿಗೆಯ ಕಡೆ ಹೋಯಿತು. ಒಂದು ಮೂಲೆ, ಒಂದೇ ಅಕ್ಷರ ಸಾಕಾಗಿತ್ತು.

"ಉಗುಳು ಹಚ್ಚಬ್ಯಾಡ ಮತ್ತ," ಅಡಿಗೆಮನೆಯಿಂದ ದನಿ ಬಂತು.

ಚಹಾ ಕೊಡುತ್ತ ಆಯಿ ತಾವೇ ಮಾತು ತೆಗೆದರು. ಆ ಜಾಗದಲ್ಲಿ ನೀರಿನ ಫಿಲ್ಟರ್ ಇಡಬೇಕೆಂದು ಸೊಸೆಯ ಹಟವಂತೆ. "ಪೈಪ್ ಇಲ್ಲ, ಏನಿಲ್ಲ, ಕೆಲಸಕ್ಕ ಬರಂಗಿಲ್ಲ. ಬೇಕಾದ್ರ ನೀನ ಒಯ್ಯಿ. ಗುಜರಿಯವನ ಕೈಯಾಗ ಕೊಡೋದಕ್ಕಿಂತ ಪಾಡು. ಆದ್ರ ಹಣಿ ಒರಸಂಗಿಲ್ಲ ಅಂತ ಆಣಿ ಮಾಡು."

ಮಷೀನು ಕೈಗೆ ಬರುತ್ತದೆ, ಆದರೆ ಅದು ಯಾವುದೆಂದು ಎಂದೂ ಯಾರಿಗೂ ತೋರಿಸುವ ಹಾಗಿಲ್ಲ. ಕಿವಿಯನ್ನಾದರೂ ಕೇಳೋಣವೆಂದು ಪ್ಲಗ್ ಹಾಕಿ ಚಾಲೂ ಮಾಡಿದೆ. ಮಷೀನು ಅದೇ ಗೂಡಿನಲ್ಲಿ, ಬಾಯಿ ಗೋಡೆಯ ಕಡೆ ಮಾಡಿಕೊಂಡು ಕೂತಿತ್ತು. ಬಂದದ್ದು ಒಂದು ಸಣ್ಣ, ಹಿಂಡಿದಂಥ ಕೀರಲು ದನಿ. ಇಂಥ ದನಿಯ ಸಾಧಾರಣ ಮಷೀನುಗಳು ನನ್ನ ಕೋಣೆಯಲ್ಲೇ ಇವೆ. ಬೇರಿಂಗ್ ಹೋದ ಸಾದಾ ಮಾಲು ಎಂದು ನನ್ನೊಳಗಿನ ಪಂಡಿತ ತೀರ್ಪು ಕೊಟ್ಟ. ಪಂಡಿತನ ಮಾತು ನಂಬಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ. ಸಾದಾ ಮಾಲಿಗಾಗಿ ಜೀವಮಾನದ ಆಣೆ ಯಾಕೆ ಎನಿಸಿತು. "ವಿಚಾರ ಮಾಡಿ ಬರ್ತೇನ್ರಿ ಆಯಿ," ಎಂದು ಹೊರಟೆ.

"ಲಗೂನ ಮಾಡು. ಫಿಲ್ಟರ್ ಬರೋದದ."

ಊರಿಗೆ ಬಂದ ಮೇಲೆ ಯಾವ ಕೆಲಸವೂ ಕೈಗೆ ಹತ್ತಲಿಲ್ಲ. ತೊಗರಿ ಬೀಜದ ರೈತನ ಬಾಯಿಂದ ಹೊಸ ಸೊಸೆಯ ದನಿ ಹೊರಟು, ಬೀಜದ ಅಂಗಡಿಯವರು ಬೈದರು. ಕಾಕಾನಿಗೆ ಫೋಟೋ ಕಳಿಸಿದೆ. "ಅಂಥ ಮೈ ಇನ್ನೂ ಯಾರಾದರೂ ಮಾಡಿರಬಹುದು, ಹೆಸರಿನ ಪಟ್ಟಿ ಒರೆಸು," ಎಂದು ಉತ್ತರ. ಜೇವರ್ಗಿಗೆ ಹೋಗಲಿಕ್ಕೆ ಗಾಡಿ ತೆಗೆಯುವುದು, ಬಸ್ ಸ್ಟ್ಯಾಂಡಿನ ತನಕ ಹೋಗಿ ಮರಳುವುದು, ಇದೇ ನಡೆಯಿತು.

ಒಂದು ದಿನ ಅಂಗಳದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ಅವ್ವನಿಗೆ ಆಯಿಯ ಮನೆಯ ಕಥೆಯನ್ನೆಲ್ಲ ಮಾಡಿ ತೋರಿಸುತ್ತಿದ್ದೆ. ಆಯಿ ಬಂದರು, ಉಗುಳಿನ ಬೆರಳು ಬಂತು, ಅವ್ವ ನಕ್ಕಳು. ಆಮೇಲೆ ಮಷೀನಿನ ಆ ಕೀರಲು ದನಿ ತೆಗೆದೆ.

ಅವ್ವ ಮುಖ ಕಿವಿಚಿದಳು. "ಬಾಯಾಗ ಅರಿಬಿ ತುರುಕಿದಂಗ ಯಾಕ ಒದರ್ತಿ?"

"ಅದು ಹಂಗ ಒದರ್ತದ."

"ಅದರ ಬಾಯಾಗೂ ಅರಿಬಿ ತುರುಕ್ಯಾರೇನ ಮತ್ತ?"

ನಾನು ಇನ್ನೊಮ್ಮೆ ಆ ದನಿ ಮಾಡಿದೆ. ಆಗ ಗಮನಕ್ಕೆ ಬಂತು, ಅದನ್ನು ಮಾಡಲಿಕ್ಕೆ ನಾನು ತುಟಿ ಬಿಗಿಹಿಡಿದು ಕೆನ್ನೆ ಒಳಗೆ ಎಳೆದುಕೊಳ್ಳಬೇಕಾಗುತ್ತಿತ್ತು. ಬೇರಿಂಗ್ ಹೋದ ಮೋಟರಿಗೆ ನಾನು ಗಂಟಲು ಕೆರೆಯುತ್ತೇನೆ, ತುಟಿ ಮುಚ್ಚುವುದಿಲ್ಲ. ನಿಧಾನ ತುಟಿ ಬಿಚ್ಚಿದೆ. ದನಿ ಕೆಳಗಿಳಿದು, ಅಗಲವಾಗಿ, ಹೊಟ್ಟೆಯಿಂದ ಬಂತು. ಅಂಥ ದನಿ ನನ್ನ ಕೋಣೆಯ ಯಾವ ಮಷೀನಿಗೂ ಇರಲಿಲ್ಲ. ಅಷ್ಟು ಹೊತ್ತು ಹಣೆಯನ್ನೇ ನೋಡುತ್ತ ಕೂತವನು ಗೋಡೆಯ ಕಡೆಗಿದ್ದ ಬಾಯಿಯನ್ನು ನೋಡಿಯೇ ಇರಲಿಲ್ಲ.

"ಎಲ್ಲಿಗಿ ಹೊಂಟಿಲೇ, ರೊಟ್ಟಿ ಬಡದೇನಿ," ಎಂದು ಅವ್ವ ಕೂಗುತ್ತಿದ್ದಳು. ಈ ಸಲ ಪೈಪು ನನ್ನ ಕೊರಳಲ್ಲಿತ್ತು. ಅದನ್ನು ಹಾರದ ಹಾಗೆ ಹಾಕಿಕೊಂಡು ಗಾಡಿ ಓಡಿಸಿದೆ. ಕಲಬುರಗಿಯ ಸಿಗ್ನಲ್ಲಿನಲ್ಲಿ ಒಬ್ಬರು "ಯಾವ ಇಲೆಕ್ಷನ್ ಗೆದ್ದೀರಿ?" ಎಂದು ಕೇಳಿದರು. ಸೋತವನ ದನಿಯಲ್ಲಿ ಉತ್ತರ ಕೊಟ್ಟೆ.

ಜೇವರ್ಗಿಯಲ್ಲಿ ಮಷೀನು ಇನ್ನೂ ಗೂಡಿನಲ್ಲೇ ಇತ್ತು. ಫಿಲ್ಟರಿನ ಡಬ್ಬಿ ಪಕ್ಕದಲ್ಲಿ ಬಂದು ನಿಂತಿತ್ತು. ಆಯಿಯ ಅಪ್ಪಣೆ ಕೇಳಿ, ಹಣೆ ಮುಟ್ಟದ ಹಾಗೆ ಎರಡೂ ಕೈಯಿಂದ ಎತ್ತಿ ನೆಲಕ್ಕಿಟ್ಟು ಬಾಯಿಯನ್ನು ಈಚೆ ತಿರುಗಿಸಿದೆ. ಒಳಗೆ ಹಳೆಯ ಧೋತರದ ತುಂಡು, ಬಿಗಿಯಾಗಿ ತುರುಕಿದ್ದು.

"ಇಲಿ ಹೊಗ್ತಾವಂತ ನಾನ ತುರುಕೇನಿ," ಎಂದರು ಆಯಿ. "ತೆಗಿ, ಅದಕ್ಕೇನ್ ಆಣಿ ಇಲ್ಲ."

ಧೋತರ ಎಳೆದೆ. ಹಿತ್ತಾಳೆಯ ಬಾಯಿ ಕಂಡಿತು. ಪೈಪು ಇಟ್ಟು ಬಲಕ್ಕೆ ತಿರುಗಿಸಿದೆ, ಕೂಡಲಿಲ್ಲ. ಎಡಕ್ಕೆ ತಿರುಗಿಸಿದೆ. ಬಾಗಿಲಿನ ಚಿಲಕ ಬಿದ್ದ ಹಾಗೆ ಕೂತಿತು.

ಅಲ್ಲಿಂದಲೇ ಕಾಕಾನಿಗೆ ವಿಡಿಯೋ ಕಾಲ್ ಮಾಡಿ, ಪೈಪು ತೆಗೆದು ಹಾಕಿ ತೋರಿಸಿದೆ. ಕಾಕಾ ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿದರು.

"ಪೈಪಿನ ಹಲ್ಲು ಯಾರು ಬೇಕಾದರೂ ಅರದಿಂದ ಉಜ್ಜಿ ಕೂಡಿಸಬಹುದು," ಎಂದು ಹಿಂದಿಯಲ್ಲಿ ಹೇಳಿದರು. ಉತ್ಸಾಹ ಹೆಚ್ಚಾಗಿ ಮರಾಠಿಗೆ ಇಳಿದರು. "ಪಾಟೀ ದಾಖವ ರೇ, ಪಟ್ಟಿ ತೋರಿಸೋ. ಒರೆಸು, ಹೆಸರು ಕಾಣಲಿ. ಹೆಸರಿಲ್ಲದೆ ನಾನು ಹೇಗೆ ಒಪ್ಪಲಿ?"

ಆಯಿ ಮಹಾರಾಷ್ಟ್ರದ ಅಕ್ಕಲಕೋಟೆ ಕಡೆಯ ಮಗಳೆಂದು ನನಗೆ ಗೊತ್ತಿರಲಿಲ್ಲ. ಫೋನು ನನ್ನ ಕೈಯಿಂದ ಹೋಯಿತು. ನನಗಿಂತ, ಬಹುಶಃ ಕಾಕಾನಿಗಿಂತಲೂ ಒಳ್ಳೆಯ ಮರಾಠಿಯಲ್ಲಿ ಕೇಳಿದರು. "ಏನ್ರಿ ಸಾಹೇಬ್ರ, ನಿಮ್ಮ ಊರಾಗ ಮಂದಿ ಹೆಸರು ಕೇಳೋ ಮೊದಲು ಅವರ ಹಣಿ ಒರಸ್ತೀರೇನು?"

ಪುಣೆಯಲ್ಲಿ ಕನ್ನಡಕ ಕೆಳಗಿಳಿಯಿತು. ಆಮೇಲೆ ಕಾಕಾ, "ನಾಹೀ ತಾಯೀ," ಎಂದರು, ಶಾಲೆಯ ಹುಡುಗನ ದನಿಯಲ್ಲಿ. ಅದನ್ನು ನಾನು ಈಗಲೂ ಬರೊಬ್ಬರಿ ಮಾಡುತ್ತೇನೆ. ಆದರೆ ಹೆಸರು ಕಾಣದೆ ಒಪ್ಪಲಿಕ್ಕಾಗದು ಎಂಬ ಮಾತನ್ನು ಮೆತ್ತಗೆ ಇನ್ನೊಮ್ಮೆ ಹೇಳಿಯೇ ಫೋನು ಇಟ್ಟರು.

ನನಗೆ ಮಾತ್ರ ಸಂಶಯ ಉಳಿದಿರಲಿಲ್ಲ. ಗುಂಪು ಒಪ್ಪದಿದ್ದರೆ ಹೋಗಲಿ, ಮಷೀನು ನನ್ನ ಕೋಣೆಯಲ್ಲಿ ಇದ್ದರೆ ಸಾಕು ಎನಿಸಿತು. ಆಯಿಯ ಮುಂದೆ ಮಂಡಿಯೂರಿ ಕೂತೆ. "ಆಣಿ ಮಾಡ್ತೇನ್ರಿ ಆಯಿ. ನಾ ಇರೋತನಕ ಹಣಿ ಮುಟ್ಟಂಗಿಲ್ಲ. ಕೊಡ್ರಿ."

"ಮೊದಲ ಚಾಲೂ ಮಾಡು, ನೋಡ್ತೇನಿ."

ಗುಂಡಿ ಒತ್ತಿದೆ. ಅಂಗಳದಲ್ಲಿ ನಾನು ತುಟಿ ಬಿಚ್ಚಿ ಮಾಡಿದ್ದಕ್ಕಿಂತ ಗಟ್ಟಿ, ಅದಕ್ಕಿಂತ ಆಳದ ದನಿ ಪಡಸಾಲೆ ತುಂಬಿತು. ಪೈಪಿನ ತುದಿಗೆ ಧೋತರದ ತುಂಡು ಹಾರಿ ಬಂದು ಅಂಟಿಕೊಂಡಿತು. ಒಳಗಿನಿಂದ ಸೊಸೆ ಬಂದು ಬಾಗಿಲಲ್ಲಿ ನಿಂತಳು. ಆಯಿ ಪೈಪಿನ ತುದಿಗೆ ಅಂಗೈ ಒಡ್ಡಿ, ಎಳೆತ ನೋಡಿ, ಸೊಸೆಯ ಕಡೆ ತಿರುಗಿದರು.

"ಇದು ಕೆಲಸ ಮಾಡ್ತದಲ್ಲವ್ವ."

"ಆಯಿ," ಎಂದೆ ನಾನು. "ನೀವು ಒಯ್ಯಿ ಅಂದಿದ್ರಿ."

"ಪೈಪ್ ಇದ್ದಿದ್ದಿಲ್ಲ, ಅದಕ್ಕ ಅಂದಿದ್ದೆ. ಈಗ ಪೈಪ್ ಬಂತಲ್ಲ, ಈಗ್ಯಾಕ ಕೊಡ್ಲಿ?"

"ಪೈಪ್ ನಂದ್ರಿ."

ಆಯಿ ಪೈಪು ನೋಡಿದರು, ಮಷೀನು ನೋಡಿದರು, ಆಮೇಲೆ ನನ್ನನ್ನು. "ಬಿಚ್ಚಿಕೊಂಡು ಒಯ್ಯಿ ಹಂಗಾದ್ರ. ನಾ ಬ್ಯಾಡ ಅನ್ನಂಗಿಲ್ಲ."

ಬಿಚ್ಚಬೇಕೆಂದರೆ ಬಲಕ್ಕೆ ತಿರುಗಿಸಿದರೆ ಸಾಕಿತ್ತು. ಹಿತ್ತಾಳೆಯ ಮೇಲೆ ಕೈ ಇಟ್ಟೆ. ನನಗೆ ಗೊತ್ತಿದ್ದ ಮಟ್ಟಿಗೆ ಈ ಎರಡೂ ಕೂಡಿ ನಿಂತದ್ದು ಇಡೀ ಲೋಕದಲ್ಲಿ ಈ ಪಡಸಾಲೆಯಲ್ಲಿ ಮಾತ್ರ. ಬಿಚ್ಚಿದರೆ ಮತ್ತೆ ನನ್ನ ಮನೆಯಲ್ಲೊಂದು ಪೈಪು, ಇಲ್ಲೊಂದು ಗೂಡಿನ ಬೊಂಬೆ. ಕೈ ತೆಗೆದೆ.

ಫಿಲ್ಟರನ್ನು ಅಡಿಗೆಮನೆಯಲ್ಲೇ ಹಾಕಿಸೋಣ ಎಂದು ಸೊಸೆ ಗಂಡನಿಗೆ ಫೋನು ಮಾಡಲು ಹೋದಳು. ಆಯಿ ಹೊರಸಿನ ಮೇಲೆ ಕಾಲು ಮಡಚಿ ಕೂತು, ಕೆಳಗಿನ ಕತ್ತಲೆಯ ಕಡೆ ಬೆರಳು ತೋರಿಸಿದರು.

"ನಿಂತಿಯಾಕ ತಮ್ಮ? ಇದರ ಕೆಳಗ ಹೊಡಿ. ಕಸಬರಿಗಿ ಅಲ್ಲಿತನ ಮುಟ್ಟಂಗಿಲ್ಲ."

ನಾನು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ಪೈಪನ್ನು ಹೊರಸಿನ ಕೆಳಗೆ ನೂಕಿದೆ. ಮಷೀನು ಉಕ್ಕಿನ ಪಟ್ಟಿಗಳ ಮೇಲೆ ಶಹಾಬಾದ್ ಕಲ್ಲಿನ ನೆಲದುದ್ದಕ್ಕೂ ನನ್ನ ಹಿಂದೆ ಜಾರುತ್ತ ಬಂತು.

"ಆ ಮೂಲಿ ಉಳೀತು ನೋಡು," ಎಂದರು ಆಯಿ ಮೇಲಿನಿಂದ.