ಬಿಷಪ್ಪರು ತಲೆಯಾಡಿಸಿದ್ದು

ಹೋದ ವರ್ಷದ ಹೂವಿನ ಮೆರವಣಿಗೆಯಲ್ಲಿ ಕೇರಿಯ ಬಂಡಿಯ ಮೇಲೆ ಡ್ರೀಕ್ ವರ್‌ಹುಲ್ಸ್ಟ್‌ನ ಮೋಟಾರು ಹಂಸ ಕತ್ತು ಆಡಿಸಬೇಕಿತ್ತು. ಅದರ ಬದಲು ಹಿಂಭಾಗದಿಂದ ಹೊಗೆ ಬಿಟ್ಟಿತು. ಜನ ಚಪ್ಪಾಳೆ ತಟ್ಟಿದರು, ತೀರ್ಪುಗಾರರು ತಟ್ಟಲಿಲ್ಲ. ಮೋಟಾರು ನಡೆಸುವ, ಡ್ರೈವರ್ ಎಂಬ ಸರ್ಕ್ಯೂಟು ಸುಟ್ಟು ಕರಕಲಾಗಿತ್ತು.

ಬ್ರಾಬಾಂಟ್‌ನ ಆ ಕೇರಿ ಇಂಥದ್ದನ್ನು ಮರೆಯುವುದಿಲ್ಲ. ಹಾಲು ಕರೆಯುವ ಯಂತ್ರಗಳ ರಿಪೇರಿಯಲ್ಲೇ ತಲೆ ನರೆತ ಡ್ರೀಕ್‌ಗೆ ಪಬ್ಬಿನಲ್ಲಿ ಬಿಯರಿನ ಜೊತೆ "ಹಂಸ ಹೇಗಿದೆ?" ಎಂಬ ಪ್ರಶ್ನೆ ಪುಕ್ಕಟೆ ಸಿಗುತ್ತಿತ್ತು. ಈ ಸಲವೂ ಹೊಗೆ ಬಂದರೆ ಮೋಟಾರಿನ ಉಸಾಬರಿ ನೆರೆಮನೆಯ ನೊಲ್‌ಗೆ ಎಂದು ಕೇರಿ ತೀರ್ಮಾನಿಸಿತ್ತು.

ಈ ವರ್ಷ ಬಂಡಿಯ ಮೇಲೆ ಮನೆಯೆತ್ತರದ ಬೊಂಬೆ ಬಿಷಪ್. ತೀರ್ಪುಗಾರರ ಮುಂದೆ ಅವರು ತಲೆಯಾಡಿಸಬೇಕು. ಡ್ರೀಕ್ ಮೋಟಾರಿಗೆ ಕರೆಂಟು ಹರಿಯುವ ದಾರಿಯಲ್ಲಿ ಸಣ್ಣದೊಂದು ರೋಧಕ ಕೂರಿಸಿದ. ಕರೆಂಟು ಹೆಚ್ಚಿದಷ್ಟೂ ಅದರ ತುದಿಗಳ ನಡುವೆ ವೋಲ್ಟೇಜು ಏರುತ್ತದೆ. ಹೆಬ್ಬೆರಳಗಲದ ಮೈಕ್ರೋಕಂಟ್ರೋಲರ್ ಚಿಪ್ಪು ಅದನ್ನು ತನ್ನ ಅನಲಾಗ್ ಪಿನ್ನಿನಲ್ಲಿ ಅಳೆಯುತ್ತಲೇ ಇರುತ್ತದೆ. ಮೋಟಾರು ಹೊರಡುವಾಗಿನ ಕರೆಂಟಿನ ಜಿಗಿತವನ್ನು ಕ್ಷಮಿಸುತ್ತದೆ. ಆಮೇಲೂ ಮಿತಿ ದಾಟಿದರೆ ಡ್ರೈವರನ್ನು ನಿಲ್ಲಿಸಿಬಿಡುತ್ತದೆ. ಶೆಡ್ಡಿನಲ್ಲಿ ಬಿಷಪ್ಪರು ಸೊಗಸಾಗಿ ತಲೆಯಾಡಿಸಿದರು. ಆಗ ಅವರ ಮೈಮೇಲಿದ್ದದ್ದು ಅಂಟು ಮೆತ್ತಿದ ಹಳೇ ಪತ್ರಿಕೆ ಮಾತ್ರ. ಡೇಲಿಯಾ ಬಾಡದಿರಲೆಂದು ಹೂ ಚುಚ್ಚುವುದು ಯಾವಾಗಲೂ ಕಡೆಗೆ. ಮಿತಿ ಗೊತ್ತುಮಾಡುವಾಗ ಡ್ರೀಕ್ ಹೂವಿನ ಭಾರವನ್ನೇ ಮರೆತಿದ್ದ.

ಭಾನುವಾರ ಬಂಡಿಗಳು ಸಾಲಾಗಿ ನಿಂತಾಗ ಮಳೆ ಸುರಿಯಿತು. ಉದ್ದ ಟೋಪಿಯ ಬಿಳಿ ಡೇಲಿಯಾಗಳು ಸ್ಪಂಜಿನಂತೆ ನೀರು ಕುಡಿದವು. ಡ್ರೀಕ್ ಗುಂಡಿ ಒತ್ತಿದ. ಬಿಷಪ್ಪರು ಒಮ್ಮೆ ಅದುರಿ ಸುಮ್ಮನಾದರು.

"ಭಾನುವಾರ ಕೆಲಸ ಮಾಡಲ್ಲ ಅಂತಾರೆ. ಒಳ್ಳೇ ಕ್ಯಾಥೊಲಿಕ್," ಎಂದ ನೊಲ್. "ಆ ಮಿತಿ ಒಂಚೂರು ಏರಿಸು ಮಾರಾಯ."

"ಏರಿಸಿದ್ರೆ ಹಂಸದ ಕಥೆನೇ. ಟೂಸ್, ಟೋಪಿ ಹಿಂದಿನ ಹೂವೆಲ್ಲ ಕೀಳ್ಬೇಕು."

ಆ ಹೂಗಳನ್ನು ಒಂದೊಂದಾಗಿ ಚುಚ್ಚಿದವಳು ಅವನ ಹೆಂಡತಿ ಟೂಸ್. "ನಿನ್ನ ಆ ಚಿಪ್ಪಿಗೆ ಇರೋ ಮರ್ಯಾದೆ ನಂಗಿಲ್ವಾ?"

"ಅದಕ್ಕೆ ಬೇಡ ಅನ್ಸಿದ್ರೆ ನಿಲ್ಸುತ್ತೆ ಅಷ್ಟೇ. ನಿನ್ ಹಾಗೆ ಊಟದ ಹೊತ್ತಲ್ಲಿ ಮತ್ತೆ ಆ ಮಾತು ಎತ್ತಲ್ಲ."

ಟೂಸ್ ಏಣಿ ಹತ್ತಿದಳು. ಕಿತ್ತ ಒದ್ದೆ ಹೂವಿನಲ್ಲಿ ಮೊದಲ ಹಿಡಿ ಡ್ರೀಕ್‌ನ ಮುಖಕ್ಕೆ ಬಂತು.

ತೀರ್ಪುಗಾರರ ಮುಂದೆ ಬಿಷಪ್ಪರು ಗಂಭೀರವಾಗಿ ತಲೆಯಾಡಿಸಿದರು. ಹೊಗೆಯಿಲ್ಲ. ಬಂಡಿ ಮುಂದೆ ಸಾಗಿತು. ತೀರ್ಪುಗಾರರ ಕಣ್ಣಿಗೆ ಟೋಪಿಯ ಬೋಳು ಬೆನ್ನು ಬಿತ್ತು. ಅಲ್ಲಿ ಹಳೇ ಪತ್ರಿಕೆಯ ಜಾಹೀರಾತೊಂದು ದಪ್ಪಕ್ಷರದಲ್ಲಿ ಹಂದಿಮಾಂಸಕ್ಕೆ ಅರ್ಧ ಬೆಲೆ ಎನ್ನುತ್ತಿತ್ತು. ಬಿಷಪ್ಪರು ಅದಕ್ಕೂ ಹೂಂ ಎನ್ನುತ್ತ ತಲೆಯಾಡಿಸಿಕೊಂಡೇ ಹೋದರು.

ಬಹುಮಾನ ಬರಲಿಲ್ಲ. ಮೋಟಾರಿನ ಕೆಲಸ ಡ್ರೀಕ್‌ನ ಬಳಿಯೇ ಉಳಿಯಿತು. ಪಬ್ಬಿನಲ್ಲಿ ಈಗ ಹಂಸವನ್ನು ಯಾರೂ ಕೇಳುವುದಿಲ್ಲ. ಮಾಂಸದ ಬೆಲೆ ಕೇಳುತ್ತಾರೆ.