ಅವ್ವನ ಕೋಣೆಯ ಗಾಳಿ

ಶಬಾನಾ ಮೊದಲ ಸಲ ನಮ್ಮ ಗೇಟು ತೆಗೆದಾಗ, ಸರ್ಕಾರವೇ ಅವಳನ್ನು ನನ್ನ ಬಳಿ ಕಳಿಸಿದೆ ಎಂದುಕೊಂಡೆ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹೊಗೆಯ ಮೇಲೆ ನಾನು ಹದಿನೇಳು ಅರ್ಜಿ ಬರೆದಿದ್ದೆನಲ್ಲ! ಇಸ್ತ್ರಿ ಅಂಗಿ ತೊಟ್ಟು ಬಂದು ಫೈಲನ್ನು ಅವಳ ಮುಂದಿಟ್ಟೆ.

"ಇದೆಲ್ಲ ನಂಗೊತ್ತಿಲ್ಲ ಸಾರ್. ಲಾಟರಿ ಎತ್ತಿದಾಗ ನಿಮ್ಮನೆ ನಂಬರ್ ಬಂತು," ಎಂದವಳೇ ಫೈಲನ್ನು ಸರಿಸಿ, ಆ ಜಾಗದಲ್ಲಿ ಟಿಫಿನ್ ಡಬ್ಬಿಯಷ್ಟು ದೊಡ್ಡದೊಂದು ಯಂತ್ರ ಇಟ್ಟಳು.

ಪಂಪ್‌ಸೆಟ್ ರಿಪೇರಿಯ ಹುಸೇನ್ ಸಾಬರ ಮಗಳು ಅವಳು. ಬಳಪಕ್ಕಿಂತ ಮೊದಲು ಸ್ಕ್ರೂಡ್ರೈವರ್ ಹಿಡಿದವಳು. ಈಗ ಗಾಳಿಯ ಅಧ್ಯಯನವೊಂದರಲ್ಲಿ ಕೆಲಸ. ಒಂದು ವಾರ ಮೊಳಕಾಲ್ಮೂರಿನ ಮಗ್ಗದ ಮನೆಗಳಲ್ಲಿ, ಇನ್ನೊಂದು ವಾರ ನಮ್ಮೂರಲ್ಲಿ ಡಬ್ಬಿ ಇಟ್ಟು, ಕಣ್ಣಿಗೆ ಕಾಣದೆ ಶ್ವಾಸಕೋಶದ ತಳಕ್ಕಿಳಿಯುವ ಸಣ್ಣ ಧೂಳನ್ನು ಅಳೆಯುತ್ತಾಳೆ.

ನಮ್ಮವ್ವ ಲಕ್ಷ್ಮಕ್ಕನಿಗೆ ಆಗ ಉಬ್ಬಸ ಜೋರಾಗಿತ್ತು. ಕಡಿಮೆಯಾಗದಿದ್ದರೆ ದೇವಸಮುದ್ರದ ಮಗಳ ಮನೆಗೆ ಕಳಿಸಿಬಿಡಿ ಎಂದಿದ್ದರು ಡಾಕ್ಟರು. "ಅಳಿಯನ ಮನ್ಯಾಗೆ ಉಸಿರಾಡೋಕಿಂತ ನನ್ ಮನ್ಯಾಗೆ ಕೆಮ್ಮೋದೇ ವಾಸಿ," ಎಂದು ಅವ್ವ ಹಟ ಹಿಡಿದಿದ್ದಳು.

ಶಬಾನಾ ಡಬ್ಬಿಯನ್ನು ಅವ್ವನ ಮಂಚದ ಪಕ್ಕ ಇಟ್ಟಳು. ಬರೀ ಯಂತ್ರವನ್ನು ನಂಬುವ ಜಾಯಮಾನ ಅವಳದಲ್ಲ. ಒಗ್ಗರಣೆ, ಕಸಗುಡಿಸುವುದು, ಊದುಬತ್ತಿ ಎಲ್ಲದರ ಹೊತ್ತನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ. ನನ್ನ ದಿನಚರಿಯನ್ನು ಅವ್ವ ಬಹಳ ಉತ್ಸಾಹದಿಂದ ಬರೆಸಿದಳು.

ವಾರದ ನಂತರ ಶಬಾನಾ ಧೂಳಿನ ಏರಿಳಿತದ ಒಂದು ನಕ್ಷೆ ತಂದಳು. ದಿನವಿಡೀ ಸಣ್ಣಪುಟ್ಟ ದಿಬ್ಬ. ಬೆಳಿಗ್ಗೆ ಆರರಿಂದ ಏಳರವರೆಗೆ ಮಾತ್ರ ಜಟಿಂಗ ರಾಮೇಶ್ವರದ ಬೆಟ್ಟ.

"ಆ ಹೊತ್ನಾಗೆ ಏನ್ ಮಾಡ್ತೀರಿ ಸಾರ್?"

"ಸ್ನಾನ."

"ಸ್ನಾನ ಅಲ್ಲವ್ವಾ, ಅಭಿಷೇಕ! ಒಂದ್ ಗಂಟೆ!" ಎಂದಳು ಅವ್ವ.

ಹಂಡೆಯ ಒಲೆ ಇದ್ದದ್ದು ಅವ್ವನ ಕಿಟಕಿಯ ಕೆಳಗೆ. ಅದಕ್ಕೆ ತುಂಬುತ್ತಿದ್ದ ಶೇಂಗಾ ಹೊಟ್ಟನ್ನು ನಾನು ಪುಕ್ಕಟೆ ತರುತ್ತಿದ್ದದ್ದು ಅದೇ ಎಣ್ಣೆ ಮಿಲ್ಲಿನಿಂದ.

"ಮತ್ತೆ ಮಿಲ್ಲಿನ ಹೊಗೆ?"

"ಅದೂ ಐತೆ. ಈ ಬೆಟ್ಟ ಮಾತ್ರ ನಿಮ್ದು."

ಅವತ್ತೇ ಒಲೆ ಆರಿತು. ತನ್ನ ಕೆಲಸ ಮುಗಿದಿದ್ದರೂ ಶಬಾನಾ ಯಾರೂ ಕರೆಯದೆ ಇನ್ನೆರಡು ಸಲ ಬಂದು ಡಬ್ಬಿ ಇಟ್ಟು ನೋಡಿದಳು. ಬೆಟ್ಟ ಕರಗಿತ್ತು. ಡಾಕ್ಟರು ಈಗ ದೇವಸಮುದ್ರದ ಮಾತೆತ್ತುವುದಿಲ್ಲ. ಅವ್ವ ಜಗಲಿಯ ಮೇಲೆ ಕೂತು, ನಡುವೆ ಎಲ್ಲೂ ಕೆಮ್ಮದೆ, ನನ್ನನ್ನು ಬಾಯ್ತುಂಬ ಬಯ್ಯುತ್ತಾಳೆ. ಆ ಬೈಗುಳ ಕೇಳಿದಾಗಲೆಲ್ಲ ಶಬಾನಾಳನ್ನು ಮನಸ್ಸಿನಲ್ಲೇ ಹರಸುತ್ತೇನೆ.

ಆದರೂ ನನ್ನ ದೊಡ್ಡಸ್ತಿಕೆ ಸುಮ್ಮನಿರಬೇಕಲ್ಲ? ಮೊನ್ನೆ ಅವಳನ್ನು ಕೇಳಿಯೇಬಿಟ್ಟೆ: "ಇಡೀ ಚಳ್ಳಕೆರೆಯ ಧೂಳಿನಾಗೆ ನನ್ನ ಪಾಲು ಎಷ್ಟಿತ್ತಮ್ಮಾ?"

"ಊರಿಗೆ ನೀವು ಲೆಕ್ಕಕ್ಕೇ ಇಲ್ಲ ಸಾರ್. ಅಜ್ಜೀನ ಮುಗಿಸೋಕೆ ಮಾತ್ರ ಅಷ್ಟೇ ಸಾಕಿತ್ತು."