ವೈವಾ ದಿನ ಕೈ ಎತ್ತಿದವರು

ನಮ್ಮ ಗೈಡ್ ಮೇಡಂ ಓದುವಾಗ ಎಡಗಣ್ಣು ಮುಚ್ಚಿಕೊಳ್ಳುತ್ತಿದ್ದರು. ಬಲಗಣ್ಣಿನ ಪೊರೆ ತೆಗೆಸಿದ್ದರು, ಎಡಗಣ್ಣಿನದು ಹಾಗೇ ಉಳಿದಿತ್ತು. ಎರಡೂ ತೆರೆದು ಓದಿದರೆ ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂರುತ್ತವಂತೆ. ಹಾಗಾಗಿ ನನ್ನ ಪ್ರಬಂಧದ ಹಾಳೆಗಳನ್ನು ಮೂಗಿನ ಹತ್ತಿರ ಹಿಡಿದು, ಗುರಿ ಇಟ್ಟ ಬೇಟೆಗಾರರ ಹಾಗೆ ಒಂದೇ ಕಣ್ಣಲ್ಲಿ ಓದುತ್ತಿದ್ದರು. ತಪ್ಪು ಸಿಕ್ಕಿತೋ, ಮುಚ್ಚಿದ ಕಣ್ಣು ಫಕ್ಕನೆ ತೆರೆಯುತ್ತಿತ್ತು. ಎದುರಿಗೆ ಕೂತ ನಾನು ಆ ಎಡಗಣ್ಣನ್ನೇ ಕಾಯುತ್ತಿದ್ದೆ.

"ಅದೊಂದು ಕಣ್ಣೂ ಮಾಡಿಸ್ಕೊಂಡ್ಬಿಡ್ರಿ ಮೇಡಂ" ಎಂದರೆ, "ಮೊದ್ಲು ನಿನ್ನ ವೈವಾ ಮುಗೀಲಿ. ಆಮ್ಯಾಲೆ ಎಲ್ಲಾ" ಎನ್ನುತ್ತಿದ್ದರು.

ಕೊಟ್ಟೂರಿನ ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು ಅವರು. ಅವರ ಕೈಕೆಳಗೆ ಪಿಎಚ್.ಡಿ.ಗೆ ಸೇರಿದ ಕೊನೆಯ ವಿದ್ಯಾರ್ಥಿನಿ ನಾನು. ಮನೆ ಪೇಟೆಯ ಹಿಂದಿನ ಓಣಿಯಲ್ಲಿತ್ತು. ಕೆಳಗೆ ಯಜಮಾನರ ಶೇಂಗಾ ವ್ಯಾಪಾರ, ಮೇಲೆ ಮಾಳಿಗೆಯಲ್ಲಿ ಮೇಡಂ ಮತ್ತು ಅವರ ಪುಸ್ತಕ. ಯಜಮಾನರನ್ನು ಓಣಿಯವರೆಲ್ಲ ಸಾವುಕಾರ್ರು ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ನನ್ನದು ಹಿರೇಹಡಗಲಿ, ಕೆಲಸ ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ವರ್ಷವರ್ಷ ಹೊಸದಾಗಿ ಅರ್ಜಿ ಹಾಕುವ ಅತಿಥಿ. ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ಕೊಟ್ಟೂರಿಗೆ ಬಂದರೆ, ಸಾವುಕಾರ್ರು ಅಂಗಡಿಯಿಂದಲೇ ಮೇಲಕ್ಕೆ ಕೂಗುತ್ತಿದ್ದರು. "ಏ ಮೇಡಮ್ಮೋರ, ನಿಮ್ಮ ಕುರಿ ಬಂತು ನೋಡ್ರಿ!"

ನನ್ನ ಪ್ರಬಂಧ ನಮ್ಮ ಸೀಮೆಯ ಹೊಲಗಳ ಹೆಸರಿನ ಮೇಲೆ. ಇಲ್ಲಿ ಹೆಸರಿಲ್ಲದ ಹೊಲವಿಲ್ಲ. ಜಗಳದ ಹೊಲ, ಸೊಸಿ ಹೊಲ, ಕರಡಿಹಳ್ಳದ ಪಟ್ಟಿ, ಹೀಗೆ. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ತಿರುಗಿ ನಾನು ಆ ಹೆಸರುಗಳನ್ನು ಕೂಡಿಸಿದ್ದೆ. ಕೂಡಿಸಿದ್ದಕ್ಕೆಲ್ಲ ಕಾರಣವನ್ನೂ ಬರೆದುಬಿಡುವ ಚಟ ನನಗೆ. ಹೊಸಹಳ್ಳಿ ಕಡೆಯ ಬೆಲ್ಲದ ಹೊಲಕ್ಕೆ ‘ಮಣ್ಣು ಫಲವತ್ತಾಗಿದ್ದು ಸಿಹಿಯಾಗಿರುವುದರಿಂದ ಈ ಹೆಸರು’ ಎಂದು ಗಟ್ಟಿಯಾಗಿ ಬರೆದಿದ್ದೆ. ಎಡಗಣ್ಣು ತೆರೆಯಿತು.

"ಅಲ್ಲಾ, ಮಣ್ಣು ತಿಂದು ನೋಡಿಯೇನ?"

"ಇಲ್ಲರಿ ಮೇಡಂ."

"ಮತ್ತ ಸಿಹಿ ಐತಿ ಅಂತ ಹೆಂಗ ಬರ್ದಿ?"

ಅವರ ಪ್ರಶ್ನೆಗಳೆಲ್ಲ ಹೀಗೆ "ಅಲ್ಲಾ" ಎಂದು ಎಳೆದೇ ಶುರುವಾಗುತ್ತಿದ್ದವು. ಗಿಡ್ಡ ಆಳು, ಧ್ವನಿ ಮಾತ್ರ ಓಣಿಯ ಕೊನೆಗೆ ಕೇಳುವಂಥದ್ದು. ಮುಂದಿನ ವಾರ ನನ್ನನ್ನು ಬಸ್ಸಿಗೆ ಹತ್ತಿಸಿಕೊಂಡು ಆ ಹೊಲಕ್ಕೇ ಹೋದರು. ಬಿಸಿಲಲ್ಲಿ ಸೆರಗು ತಲೆಗೆ ಹೊದ್ದು, ಬದುವಿನ ಮೇಲೆ ನಿಂತು ಹೊಲದ ಅಜ್ಜನನ್ನು ವಿಚಾರಿಸಿದರು. ಅಜ್ಜ ಬಹಳ ಹೊತ್ತು ಯೋಚಿಸಿ, "ಹೆಸರಿಟ್ಟೋರು ಸತ್ತು ಹೋಗ್ಯಾರ್ರಿ ಅವ್ವಾರ. ನಾನು ಬಿತ್ತಾವ ಅಷ್ಟ" ಎಂದ. ಮೇಡಂ ಅಲ್ಲೇ ಬದುವಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಇದನ್ನ ಬರಿ. ಹಿಂಗ ಬರಿ. ಗೊತ್ತಿಲ್ಲ ಅಂದ್ರ ಯಾರೂ ನಿನ್ನ ನುಂಗಂಗಿಲ್ಲ" ಎಂದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದರು. ಬೈದವರೇ ಹೀಗೆ ಒರಗಿದರೆ ಸಿಟ್ಟು ಮಾಡುವುದಾದರೂ ಹೇಗೆ.

ಪ್ರಬಂಧ ಸಲ್ಲಿಸಿದ್ದಾಯಿತು. ಅದನ್ನು ಓದಿದವರ ವರದಿಗಳು ಬರಲು ಒಂದು ಮಳೆಗಾಲ, ಒಂದು ಬೇಸಿಗೆ ಹಿಡಿಯಿತು. ವೈವಾಕ್ಕೆ, ಅಂದರೆ ಸಭೆಯ ಮುಂದಿನ ಮೌಖಿಕ ಪರೀಕ್ಷೆಗೆ, ಒಪ್ಪಿಗೆ ಬಂದ ಮೇಲೆ ಮೇಡಂ ನನಗೆ ತಾಲೀಮು ಶುರುಮಾಡಿದರು. ಮಾಳಿಗೆಯ ಮೇಲೆ ನನ್ನನ್ನು ನಿಲ್ಲಿಸಿ, ತಾವು ಗೈಡ್ ಆಗಿ, ಸಾವುಕಾರ್ರನ್ನು ಹೊರಗಿನ ಪರೀಕ್ಷಕರನ್ನಾಗಿ ಕೂರಿಸಿ ಪ್ರಶ್ನೆ ಕೇಳುವುದು. ಸಾವುಕಾರ್ರು ಅಂಗಡಿಯ ಟವೆಲನ್ನೇ ಶಾಲಿನಂತೆ ಹೊದ್ದು ಗತ್ತಿನಿಂದ ಕೂರುತ್ತಿದ್ದರು.

"ಅಲ್ಲವ್ವಾ, ಇಷ್ಟೆಲ್ಲಾ ಹೊಲದ ಹೆಸರು ಬರ್ದಿಯಲ್ಲ, ಎಕರೆಕ್ಕ ಎಷ್ಟು ಚೀಲ ಶೇಂಗಾ ಬರ್ತಾವಂತ ಬರ್ದಿಯೇನು?"

"ಬರೆದಿಲ್ಲರಿ."

"ಹಂಗಾದ್ರ ಡಾಕ್ಟರ್ ಪಟ್ಟ ಇಲ್ಲ. ಮಂಡಕ್ಕಿ ತಿಂದು ಮನಿಗೆ ಹೋಗು."

ಮೇಡಂ ಅವರನ್ನು ಗದರಿಸಿ ಕೆಳಗೆ ಕಳಿಸುತ್ತಿದ್ದರು. ಆಮೇಲೆ ನಿಜವಾದ ಪ್ರಶ್ನೆಗಳು. ಒಮ್ಮೊಮ್ಮೆ ಅಳು ಬರುವಷ್ಟು ಕೇಳುತ್ತಿದ್ದರು. ನಾನು ತಡವರಿಸಿದರೆ, "ಅವತ್ತು ಮುಂದಿನ ಸಾಲಿನ್ಯಾಗ ನಾ ಇರಂಗಿಲ್ಲ, ಮ್ಯಾಲೆ ಕುರ್ಚಿ ಮ್ಯಾಲೆ ಇರ್ತೀನಿ. ನಾನ ಮೊದಲು ಕೇಳಾಕಿ. ತಿಳೀತಿಲ್ಲೋ?" ಎನ್ನುತ್ತಿದ್ದರು. ವೈವಾ ನನ್ನದಾದರೂ ಅದರ ಹುರುಪು ನನಗಿಂತ ಅವರಿಗೇ ಹೆಚ್ಚಿತ್ತು. ನಿವೃತ್ತಿಯ ಮೇಲೆ ಅಂಥ ಕುರ್ಚಿಯಲ್ಲಿ ಅವರನ್ನು ಯಾರೂ ಕೂರಿಸಿರಲಿಲ್ಲ.

ದಿನ ಗೊತ್ತಾಯಿತು. ಊಟಕ್ಕೆ ಹೋಳಿಗೆ ಹೇಳಿದೆ, ಪರೀಕ್ಷಕರಿಗೆ ಶಾಲು ತಂದೆ, ಊರಿನವರಿಗೆಲ್ಲ ಹೇಳಿದೆ. ಎರಡು ದಿನ ಇದೆ ಎನ್ನುವಾಗ ಹೊರಗಿನ ಪರೀಕ್ಷಕರಿಗೆ ಬೇರೆ ಕಡೆ ಕೆಲಸ ಬಂದು ಮುಂದೂಡಿದರು. ಅಡುಗೆಯವರಿಗೆ ಕೈಮುಗಿದೆ. ಮತ್ತೊಂದು ದಿನ ಗೊತ್ತಾಯಿತು. ಆ ದಿನ ಯಾವುದೋ ಪರೀಕ್ಷೆಗೆಂದು ಸಭಾಂಗಣವನ್ನೇ ಬೇರೆಯವರು ಹಿಡಿದಿದ್ದರು. ಮೂರನೆಯದಕ್ಕೆ ಕಾಯುತ್ತಿರುವಾಗ ಒಂದು ಮಧ್ಯಾಹ್ನ, ಪಾಠ ಮುಗಿಸಿ ಹೊರಬಂದಿದ್ದೆ, ಸಾವುಕಾರ್ರ ಫೋನ್ ಬಂತು.

"ನಿಮ್ಮ ಮೇಡಮ್ಮಗ ಲಕ್ವಾ ಹೊಡದೈತವ್ವಾ. ದಾವಣಗೆರೆಗೆ ಕರ್ಕೊಂಡು ಬಂದೀನಿ. ಜೀವಕ್ಕೇನಿಲ್ಲ ಅಂದಾರ. ಮಾತು ಹೋಗೈತಿ."

ಆಸ್ಪತ್ರೆಗೆ ಹೋದೆ. ಬಲಗೈ ಹಾಸಿಗೆಯ ಮೇಲೆ ಸುಮ್ಮನೆ ಬಿದ್ದಿತ್ತು. ನನ್ನನ್ನು ಕಂಡವರೇ ಏಳಲು ನೋಡಿದರು. "ಉಪ್ಪು" ಎಂದರು. "ಉಪ್ಪು... ಯಾವಾಗ?" ನನಗೆ ತಿಳಿಯಲಿಲ್ಲ. ಸಾವುಕಾರ್ರು ಹೆಂಡತಿಯ ಮುಖ ನೋಡಿ, "ವೈವಾ ಯಾವಾಗ ಅಂತ ಕೇಳಾಕತ್ಯಾಳ" ಎಂದರು. ಮೇಡಂ ಹೌದೆಂದು ತಲೆಯಾಡಿಸಿದರು. ತಪ್ಪು ಮಾತು ಬಾಯಿಂದ ಬಂತೆಂದು ಅವರಿಗೆ ಗೊತ್ತಾಗಿತ್ತು, ಅದೇ ಕಷ್ಟ. ಒಳಗೆ ಎಲ್ಲವೂ ನೆಟ್ಟಗಿತ್ತು, ಹೊರಗೆ ಬರುವ ದಾರಿ ಮುಚ್ಚಿತ್ತು. ನಾನು ವರಾಂಡಕ್ಕೆ ಬಂದು ಗೋಡೆಗೆ ಮುಖ ಮಾಡಿ ಅತ್ತೆ.

ಮನೆಗೆ ಬಂದ ಮೇಲೆ ಭಾನುವಾರಗಳು ತಿರುವುಮುರುವಾದವು. ಡಾಕ್ಟರು ಮಾತಾಡಿಸುತ್ತಿರಿ ಎಂದಿದ್ದರು. ನಾನು ಕೇಳಬೇಕು, ಅವರು ಉತ್ತರಿಸಬೇಕು. ಲೋಟ ತೋರಿಸಿ "ಇದೇನ್ರಿ ಮೇಡಂ?" ಎನ್ನುವುದು, ಅವರು ತುಟಿ ಅದುರಿಸಿ "ಕಿಟಕಿ" ಎನ್ನುವುದು. ತಪ್ಪಾದಾಗ ಎಡಗೈಯಿಂದ ಮಂಚವನ್ನು ಬಡಿಯುತ್ತಿದ್ದರು. ಅದನ್ನು ನೋಡುವುದು ನನ್ನಿಂದಾಗುತ್ತಿರಲಿಲ್ಲ. ಸಾವುಕಾರ್ರಿಗೆ ಮಾತ್ರ ಬೇಸರವೆಂಬುದಿರಲಿಲ್ಲ. ಅಂಗಡಿ ಅರ್ಧಕ್ಕೆ ಬಿಟ್ಟು ಬಂದು, "ಕಿಟಕ್ಯಾಗ ನೀರು ಕುಡೀತಿಯೇನ? ಕುಡಿ ಹಂಗಾರ" ಎಂದು ಲೋಟವನ್ನು ಬಾಯಿಗೆ ಹಿಡಿಯುತ್ತಿದ್ದರು. ಮೇಡಂ ಸಿಟ್ಟಿನಲ್ಲೇ ನಗುತ್ತಿದ್ದರು. ನನಗೂ ಬಂದವರಿಗೂ ಅವರ ಮಾತನ್ನು ಬಿಡಿಸಿ ಹೇಳುವವರು ಸಾವುಕಾರ್ರೇ ಆದರು. ಅವರು ಹೇಳಿದ್ದು ತಪ್ಪಾಗುತ್ತಿದ್ದುದು ಬಹಳ ಅಪರೂಪ.

ಅತ್ತ ವೈವಾ ನಿಂತುಹೋಗಿತ್ತು. ಫೋನ್ ಮಾಡಿದಾಗೆಲ್ಲ ವಿಶ್ವವಿದ್ಯಾಲಯದ ಗುಮಾಸ್ತರು ಒಂದೇ ಮಾತು ಹೇಳುತ್ತಿದ್ದರು. ಕೆಟ್ಟವರಲ್ಲ ಪಾಪ. "ಗೈಡ್ ಬಂದು ಸಭಾ ನಡಸಬೇಕ್ರಿ. ಮಾತ ಬರಂಗಿಲ್ಲ ಅಂದ್ರ ಹೆಂಗ ನಡಸ್ತಾರ? ನನ್ನ ಬದ್ಲಿ ಬ್ಯಾರೆಯವ್ರನ್ನ ಹಾಕ್ರಿ ಅಂತ ಅವ್ರ ಸಹಿ ಮಾಡಿಕೊಟ್ರ ಮುಂದ ನೋಡಬಹುದು. ನಿಮ್ಮ ಪಿಎಚ್.ಡಿ. ಅವಧಿ ಬ್ಯಾರೆ ಮುಗಿಯಾಕ ಬಂದೈತಿ." ಹೊರಗಿನ ಪರೀಕ್ಷಕರ ಮಂಡಿ ಆಪರೇಷನ್ನಿಗೆ ದಿನ ನಿಗದಿಯಾಗಿತ್ತು. ಅದಕ್ಕೆ ಮೊದಲು ಒಂದು ದಿನ ಕೊಡುತ್ತೇನೆ, ಆಮೇಲೆ ನನ್ನನ್ನು ನೆಚ್ಚಬೇಡಿ ಎಂದಿದ್ದರು. ಎಲ್ಲರದೂ ನ್ಯಾಯವೇ. ಯಾರ ಮೇಲೆ ಹರಿಹಾಯಬೇಕು? ಮೇಡಂ ಮಾತು ಮರಳುವವರೆಗೆ ಕಾಯೋಣವೆಂದರೆ ಪದವಿಯೇ ಕೈತಪ್ಪುತ್ತದೆ. ಕಾಯದಿದ್ದರೆ ಅವರ ಕುರ್ಚಿಯನ್ನು ನಾನೇ ಎಳೆದಂತಾಗುತ್ತದೆ. ನನ್ನ ಕೈಯಲ್ಲಿ ಏನೂ ಇರಲಿಲ್ಲ. ಮೇಡಂ ಸಹಿ ಹಾಕಬೇಕಿದ್ದ ಆ ಕಾಗದವನ್ನು ಬ್ಯಾಗಿನಲ್ಲಿಟ್ಟುಕೊಂಡು ಕೊಟ್ಟೂರಿಗೆ ಹೋಗುವುದು, ತೆಗೆಯದೆ ವಾಪಸ್ಸು ಬರುವುದು, ಇಷ್ಟೇ ಮಾಡಿದೆ.

ಕೊನೆಗೊಂದು ಭಾನುವಾರ ಅಂಗಡಿಯಲ್ಲಿ ಸಾವುಕಾರ್ರ ಮುಂದೆ ಎಲ್ಲವನ್ನೂ ಹೇಳಿಕೊಂಡೆ. ನಾನು ಮೆಲ್ಲಗೇ ಹೇಳಿದೆನೆಂದುಕೊಂಡಿದ್ದೆ. ಮೇಲಿನಿಂದ ಕೋಲು ಕುಟ್ಟುವ ಸದ್ದು ಕೇಳಿತು. "ಕೇಳಿಸ್ಯೈತಿ ಅಕಿಗೆ. ನಡಿ" ಎಂದರು ಸಾವುಕಾರ್ರು. ಹೋದರೆ ಮೇಡಂ ಮಂಚದ ಮೇಲೆ ನೆಟ್ಟಗೆ ಕೂತು ಎಡಗೈ ಚಾಚಿದ್ದರು. ಕಾಗದ ಕೊಟ್ಟೆ. ಎಡಗೈಯಲ್ಲೇ, ಒಂದೊಂದು ಅಕ್ಷರಕ್ಕೂ ಉಸಿರು ತೆಗೆದುಕೊಳ್ಳುತ್ತ ಸಹಿ ಮಾಡಿದರು. ಎಂಥ ಸೊಟ್ಟ ಸಹಿ ಅದು! ಅದನ್ನು ನೋಡಿ ನನಗೆ ಆ ಪದವಿಯೇ ಬೇಡವೆನಿಸಿತು. ಬೇಡ ಎಂದು ಹೇಳಲೂ ಹೊರಟೆ. ಮೇಡಂ ನನ್ನ ಕೆನ್ನೆಗೆ ಮೆಲ್ಲಗೆ ತಟ್ಟಿ, "ಹೋಗಿ... ಬಾ" ಎಂದರು. ಎರಡೂ ಸರಿಯಾದ ಮಾತು. ಸಾವುಕಾರ್ರು ಮುಖ ತಿರುಗಿಸಿಕೊಂಡರು.

ವೈವಾ ದಿನ ಅವರು ಬರುತ್ತಾರೆಂದು ನಾನು ಎಣಿಸಿರಲಿಲ್ಲ. ಕರೆಯಲು ಬಾಯಿ ಬಂದಿರಲಿಲ್ಲ. ಸಭೆ ಶುರುವಾಗುವ ಹೊತ್ತಿಗೆ ಸಾವುಕಾರ್ರು ಹೆಂಡತಿಯನ್ನು ತೋಳು ಹಿಡಿದು ನಡೆಸಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂರಿಸಿದರು. ಇಳಕಲ್ ಸೀರೆ ಉಟ್ಟಿದ್ದರು. ಮೇಲೆ ಅವರ ಕುರ್ಚಿಯಲ್ಲಿ ಬದಲಿಗೆ ಬಂದ ಪ್ರೊಫೆಸರರು ಕೂತಿದ್ದರು. ಮೇಡಂ ಆ ಕುರ್ಚಿಯನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಹೊರಗಿನ ಪರೀಕ್ಷಕರು ಚೆನ್ನಾಗಿಯೇ ಕೇಳಿದರು, ನಾನೂ ಹೇಗೋ ಉತ್ತರಿಸಿದೆ. ಕೊನೆಗೆ ಪ್ರೊಫೆಸರರು ವಾಡಿಕೆಯಂತೆ, "ಇದು ಮುಕ್ತ ವೈವಾ. ಸಭೆಯಲ್ಲಿರುವ ಯಾರಾದರೂ ಪ್ರಶ್ನೆ ಕೇಳಬಹುದು" ಎಂದರು. ಈ ಮಾತಿಗೆ ಯಾರೂ ಏನೂ ಕೇಳುವುದಿಲ್ಲ. ಅಷ್ಟರಲ್ಲಿ ಹೋಳಿಗೆಯ ವಾಸನೆ ಒಳಗೆ ಬಂದಿರುತ್ತದೆ.

ಮೇಡಂ ಎಡಗೈ ಎತ್ತಿದರು.

ಸಾವುಕಾರ್ರು ಹಿಡಿದು ನಿಲ್ಲಿಸಿದರು. "ಅಲ್ಲಾ..." ಎಂದರು ಮೇಡಂ. ಅದೇ ಎಳೆತ, ಅದೇ ರಾಗ. ನನ್ನ ಮೈಯೆಲ್ಲ ಕಿವಿಯಾಯಿತು. "ಅಲ್ಲಾ... ಆ ಹೊಲ... ಆ ಹೊಲ..." ಮುಂದೆ ಬರಲಿಲ್ಲ. ತುಟಿ ಅದುರಿತು, ಕುತ್ತಿಗೆಯ ನರ ಉಬ್ಬಿತು, ಕಣ್ಣಲ್ಲಿ ನೀರು ತುಂಬಿತು. ನಾನು ಸಾವುಕಾರ್ರ ಮುಖ ನೋಡಿದೆ, ಬಿಡಿಸಿ ಹೇಳುತ್ತಾರೇನೋ ಎಂದು. ಅವರೂ ಹೆಂಡತಿಯ ಮುಖವನ್ನೇ ನೋಡುತ್ತಿದ್ದರು.

ಪ್ರೊಫೆಸರರು ಮೈಕ್ ತೆಗೆದುಕೊಂಡರು. ಒಳ್ಳೆಯ ಮನಸ್ಸಿನಿಂದಲೇ ತೆಗೆದುಕೊಂಡರು. "ಮೇಡಂ ಭಾವುಕರಾಗಿದ್ದಾರೆ. ಶಿಷ್ಯೆಯ ಸಾಧನೆ ಕಂಡು ಅವರಿಗೆ ಮಾತೇ ಹೊರಡುತ್ತಿಲ್ಲ. ಇದಕ್ಕಿಂತ ದೊಡ್ಡ ಆಶೀರ್ವಾದ ಏನಿದೆ?" ಎಂದರು. ಇಡೀ ಸಭೆ ಚಪ್ಪಾಳೆ ತಟ್ಟಿತು. ನಮ್ಮ ಊರಿನವರು ಎದ್ದು ನಿಂತು ತಟ್ಟಿದರು. "ಅಲ್ಲರಿ, ಅವರು ಪ್ರಶ್ನೆ ಕೇಳಾಕತ್ಯಾರ" ಎಂದೆ ನಾನು. ಆ ಗದ್ದಲದಲ್ಲಿ ಅದು ನನಗೇ ಕೇಳಿಸಲಿಲ್ಲ. ಚಪ್ಪಾಳೆಯುದ್ದಕ್ಕೂ ಮೇಡಂ ಎತ್ತಿದ ಕೈ ಇಳಿಸಲಿಲ್ಲ. ಸಾವುಕಾರ್ರೇ ಮೆಲ್ಲಗೆ ಅದನ್ನು ಹಿಡಿದು ಇಳಿಸಿದರು. ಪದವಿ ಘೋಷಣೆಯಾಯಿತು, ಅವರಿಗೂ ಒಂದು ಶಾಲು ಹೊದಿಸಿದರು.

ಆಮೇಲಿನ ಭಾನುವಾರಗಳಲ್ಲಿ ಪ್ರಬಂಧವನ್ನು ಅವರ ಮುಂದೆ ಬಿಡಿಸಿಟ್ಟುಕೊಂಡು ಕೂರುತ್ತಿದ್ದೆ. "ಬೆಲ್ಲದ ಹೊಲದ್ದೇನ್ರಿ ಮೇಡಂ?" ಅಲ್ಲವೆಂದು ತಲೆಯಾಡಿಸುವರು. "ಸೊಸಿ ಹೊಲ?" ಅಲ್ಲ. "ಹೊಲ ಮಾರಿದ ಮ್ಯಾಲೆ ಹೆಸರು ಏನಾಗ್ತೈತಿ ಅಂತೇನ್ರಿ?" ಒಂದು ಕ್ಷಣ ತಡೆದು, ಅದೂ ಅಲ್ಲ. ಹಾಳೆ ತಿರುವುತ್ತ ಒಮ್ಮೊಮ್ಮೆ ಎಲ್ಲೋ ಬೆರಳಿಡುವರು, ಮತ್ತೆ ತೆಗೆಯುವರು. ಸಿಟ್ಟು ಬಂದರೂ ಪುಸ್ತಕ ಮುಚ್ಚಲು ಬಿಡುತ್ತಿರಲಿಲ್ಲ. ಹೀಗೆ ನಾವು ನಾಲ್ಕನೆಯ ಅಧ್ಯಾಯದವರೆಗೆ ಬಂದಿದ್ದೆವು. ಅಷ್ಟರಲ್ಲಿ ಎರಡನೆಯ ಸಲ ಲಕ್ವಾ ಹೊಡೆಯಿತು, ಈ ಸಲ ಜೀವ ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ, ಮಂದಿಯೆಲ್ಲ ಕರಗಿದ ಹೊತ್ತಿಗೆ, ಸಾವುಕಾರ್ರು ನನ್ನನ್ನು ಅಂಗಡಿಯ ಮೂಲೆಗೆ ಕರೆದರು. ಏನೋ ಕೊಡುತ್ತಾರೆಂದುಕೊಂಡೆ. ಅವರು ಚೀಲದ ಮೇಲೆ ಕೂತು ಕೇಳಿದರು.

"ಅವತ್ತು ಅಕಿ ಏನು ಕೇಳಬೇಕಂತ ಮಾಡಿದ್ಲವ್ವಾ? ಉಳಿದಿದ್ದೆಲ್ಲಾ ನನಗ ತಿಳೀತಿತ್ತು. ಅದೊಂದು ತಿಳೀಲಿಲ್ಲ. ನೀನು ಓದಿದಾಕಿ, ನಿನಗ ಗೊತ್ತಾಗಿರ್ತೈತಿ ಅಂತ ನಾನು ಸುಮ್ಮನಿದ್ದೆ."